ಕೊಕ್ಕರೆ ಬಾವುಟದ ರೋನಾ

ಸರೋವರದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹ್ಯಾಲೆಕ್ ಬೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ, ಮೂರನೇ ಬೇಸ್ ಕಡೆಯ ಗ್ಯಾಲರಿಯ ಕೆಳಗೆ ಒಂದು ಕಬ್ಬಿಣದ ಬಾಗಿಲಿದೆ. ಅದರ ಹೊರಗೆ ನಿಂತು ರೋನಾ ಕುಚಾರ್ ಯಾರೋ ಆಟಗಾರನ ಬಿಳಿ ಪ್ಯಾಂಟನ್ನು ಗೋಡೆಗೆ ಬಡಿಯುತ್ತಿದ್ದಾರೆ. ಒಣಗಿದ ಕೆಂಪು ಮಣ್ಣು ಮೊದಲು ಉದುರಬೇಕು, ನೀರು ಆಮೇಲೆ. ಅವಸರಪಟ್ಟು ಮೊದಲೇ ನೀರು ಹಾಕಿದರೆ ಮಣ್ಣು ನೂಲಿನೊಳಗೆ ಇಳಿದು ಕೂತುಬಿಡುತ್ತದೆ. ಎರಡು ಏಟು ಹಾಕಿ ಕೈ ನಿಲ್ಲಿಸಿದ ರೋನಾ, ಪ್ಯಾಂಟನ್ನು, ಊರಿನ ಪೇಪರಿಗೆ ಅವರ ಬಗ್ಗೆ ಬರೆಯಲು ಬಂದ ನನ್ನ ಮೂಗಿನ ಹತ್ತಿರ ತಂದು ಹಿಡಿಯುತ್ತಾರೆ.

"ಏನ್ ಉದುರ್ತಿದೆ ಹೇಳು ಚಿನ್ನಾ? ಏನೂ ಇಲ್ಲ. ಜುಲೈನಲ್ಲಿ ಒಂದೊಂದು ಪ್ಯಾಂಟಲ್ಲೂ ಹೂಕುಂಡ ತುಂಬೋಷ್ಟು ಮಣ್ಣು ಬರೋದು. ಈಗ ನೋಡು, ಮದುವೆ ಊಟಕ್ಕೆ ಹೋಗಿ ಬಂದ ಹಾಗಿವೆ. ಸೋಲೋಕೆ ಶುರುವಾದ್ರೆ ಯಾರೂ ಜಾರಿ ಬೀಳಲ್ಲ. ಬೇಸ್ ಹತ್ರ ಬಂದು ನಿಂತ್ಕೊಂಡೇ ಔಟ್ ಆಗ್ತಾರೆ."

ನಾನು ತಲೆ ತಗ್ಗಿಸುತ್ತೇನೆ. ತಪ್ಪು ನನ್ನದಲ್ಲ, ಆದರೂ ತಗ್ಗಿಸುತ್ತೇನೆ. ಈ ಊರಲ್ಲಿ ಈಗ ಎಲ್ಲರೂ ಹಾಗೇ ಓಡಾಡುತ್ತಿದ್ದೇವೆ.

ನಮ್ಮ ತಂಡದ ಹೆಸರು ಹೆರಾನ್ಸ್. ಸರೋವರದ ದಂಡೆಯಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಬೂದು ಕೊಕ್ಕರೆ ನಮ್ಮ ಗುರುತು. ನಮ್ಮದು ಟೀವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಎಂಟು ಊರುಗಳು ಒಂದರ ಜೊತೆ ಒಂದು ಆಡಿಕೊಳ್ಳುವ ಸಣ್ಣ ಲೀಗ್. ಆದರೆ ಸೋತಾಗ ಆಗುವ ಹೊಟ್ಟೆಯುರಿ ಸಣ್ಣದಲ್ಲ ಸ್ವಾಮಿ, ಅದು ಎಲ್ಲ ಲೀಗಿನಲ್ಲೂ ಒಂದೇ. ಆಗಸ್ಟ್ ನಡುವಿನವರೆಗೆ ನಮ್ಮ ಮೇಲೆ ಯಾರೂ ಇರಲಿಲ್ಲ, ನಮ್ಮ ಹತ್ತಿರಕ್ಕೂ ಯಾರೂ ಸುಳಿದಿರಲಿಲ್ಲ. ಊರಿನ ಮುಖದಲ್ಲಿ ಕಳೆ ಬಂದಿತ್ತು. ಸಾಲಿನಲ್ಲಿ ಮುಂದೆ ನುಗ್ಗಿದವನನ್ನೂ ಜನ ನಕ್ಕು ಬಿಟ್ಟುಬಿಡುತ್ತಿದ್ದರು. ಆಮೇಲೆ ಶುರುವಾಯಿತು ನೋಡಿ ಸೋಲು. ಒಂದು, ಎರಡು, ಮೂರು. ಆಮೇಲೆ ಎಣಿಸುವುದನ್ನೇ ಬಿಟ್ಟೆವು. ಕೆಳಗಿನಿಂದ ಪೋರ್ಟ್ ಲೆನಾರ್ಡ್ ಊರಿನವರು ಮೆಟ್ಟಿಲು ಹತ್ತುವಂತೆ ಹತ್ತಿಕೊಂಡು ಬಂದು ಈಗ ನಮ್ಮ ಹಿಮ್ಮಡಿ ಹತ್ತಿರ ನಿಂತಿದ್ದಾರೆ.

ಈ ಸೋಲಿಗೆ ಕಾರಣ ಯಾರು ಎಂದು ಊರಿನ ಯಾವ ಗ್ಯಾಲರಿಯಲ್ಲಿ ಬೇಕಾದರೂ ಕೇಳಿ. ತರಬೇತುದಾರನ ಹೆಸರು ಹೇಳುವುದಿಲ್ಲ, ಚೆಂಡು ಎಸೆಯುವ ಪಿಚರ್‌ಗಳ ಹೆಸರೂ ಹೇಳುವುದಿಲ್ಲ. ಬಟ್ಟೆ ಒಗೆಯುವ ರೋನಾ ಎನ್ನುತ್ತಾರೆ.

ರೋನಾಗೆ ಈಗ ಎಪ್ಪತ್ತು ದಾಟಿದೆ. ತಂಡದ ಬಟ್ಟೆ ಒಗೆಯುವುದು, ಹರಿದದ್ದನ್ನು ಹೊಲಿಯುವುದು, ಅಂಗಿಯ ಬೆನ್ನಿಗೆ ಹೆಸರು ಮತ್ತು ನಂಬರ್ ಕೂರಿಸುವುದು, ಇಷ್ಟೂ ಅವರ ಕೆಲಸ. ಬೆಳಿಗ್ಗೆ ಆಟಗಾರರು ಬರುವ ಹೊತ್ತಿಗೆ ಇಪ್ಪತ್ತೈದು ಜೊತೆ ಬಟ್ಟೆ ಒಗೆದು, ಒಣಗಿ, ಮಡಿಸಿ ಅವರವರ ಗೂಡಿನಲ್ಲಿ ಇರಬೇಕು. ಹುಲ್ಲಿನ ಕಲೆಗೆ ಒಂದು ಔಷಧಿ, ಮಣ್ಣಿನ ಕಲೆಗೆ ತುಕ್ಕು ತೆಗೆಯುವ ಪುಡಿ, ಬ್ಯಾಟಿನ ಹಿಡಿಗೆ ಬಳಿಯುವ ಮರದ ಅಂಟಿಗೆ ಇನ್ನೊಂದು. ರಕ್ತಕ್ಕೆ ಬರೀ ತಣ್ಣೀರು. ಕೆಲಸ ಅಮ್ಮನಿಂದ ಬಂದದ್ದು. ಅಮ್ಮ ಪಾವ್ಲಾ ಸ್ಲೊವಾಕಿಯಾದ ಹಳ್ಳಿಯಿಂದ ಚಿಕ್ಕ ಹುಡುಗಿಯಾಗಿ ಬಂದವರು, ಇದೇ ತೊಟ್ಟಿಯ ಮುಂದೆ ನಿಂತು ಜೀವ ಸವೆಸಿದವರು.

"ನನ್ನ ಕೆಲಸದಲ್ಲಿ ಒಗೆಯೋದು ಕಷ್ಟ ಅಲ್ಲ," ಎನ್ನುತ್ತಾರೆ ರೋನಾ. "ಬಿಚ್ಚೋದು ಕಷ್ಟ. ಯಾರನ್ನಾದ್ರೂ ತಂಡದಿಂದ ತೆಗೆದ್ರೆ ಅಂಗಿ ಮೊದಲು ನನ್ನ ಹತ್ರ ಬರತ್ತೆ. ಹೆಸರು ಬಿಚ್ಚಬೇಕು, ಬೇರೆಯವನ ಹೆಸರು ಹಾಕ್ಬೇಕು. ಕೆಲವು ಸಲ ಪಾಪ, ಆ ಹುಡುಗನಿಗೇ ಇನ್ನೂ ಗೊತ್ತಿರಲ್ಲ, ಎದುರಿಗೆ ಬಂದು ನಗ್ತಾ ಸಾಕ್ಸ್ ಕೇಳ್ತಾನೆ. ನಾನೇನ್ ಮಾಡ್ಲಿ? ಇನ್ನೊಂದು ಜೊತೆ ಜಾಸ್ತಿ ಕೊಟ್ಟು ಕಳಿಸ್ತೀನಿ."

ಈ ತಿಂಗಳು ಬಿಚ್ಚುವ ಕೆಲಸ ಬಹಳವಿದೆ. ನಾನು ಅಲ್ಲಿರುವಾಗಲೇ ಪೀಯೋ ಒಳಗೆ ಇಣುಕುತ್ತಾನೆ. ಡೊಮಿನಿಕನ್ ರಿಪಬ್ಲಿಕ್ ದೇಶದ ಹುಡುಗ, ನಮ್ಮ ಶಾರ್ಟ್‌ಸ್ಟಾಪ್, ಎರಡನೇ ಮತ್ತು ಮೂರನೇ ಬೇಸ್ ನಡುವೆ ಚೆಂಡು ಹಿಡಿಯುವವನು. ಈಚೆಗೆ ಅವನ ಕೈಗೂ ಚೆಂಡು ಅಂಟುತ್ತಿಲ್ಲ. ಅವನ ಕಣ್ಣು ಮೊದಲು ಹೋಗುವುದು ಹೊಲಿಗೆ ಮೇಜಿನ ಮೇಲಿನ ಅಂಗಿಯ ಕಡೆಗೆ.

"ಡೋನ್ಯಾ ರೋನಾ, ಅದು ನಂದಾ?" ಹಿರಿಯ ಹೆಂಗಸರನ್ನು ಅವನ ಊರಲ್ಲಿ ಹಾಗೇ ಕರೆಯುತ್ತಾರೆ.

"ನಿಂದಲ್ಲ ಹೋಗೋ. ನಿನ್ನ ಮನೆತನದ ಹೆಸರಲ್ಲಿ ಹನ್ನೊಂದು ಅಕ್ಷರ ಇದೆ, ಬಿಚ್ಚೋಕೆ ನನಗೆ ತಾಳ್ಮೆ ಇಲ್ಲ. ಸುಮ್ನೆ ಆಡು."

ಅವನು ನಗುತ್ತಾನೆ. ನಕ್ಕು, ಎದೆ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋಗುತ್ತಾನೆ.

ಇನ್ನು ಬಾವುಟದ ಕಥೆಗೆ ಬರೋಣ. ಅದನ್ನು ಹೇಳದೆ ರೋನಾ ಕಥೆ ಹೇಳಿದಂತಾಗುವುದಿಲ್ಲ.

ಲೀಗ್ ಗೆದ್ದ ತಂಡ ಮುಂದಿನ ವಸಂತದ ಮೊದಲ ಆಟದ ದಿನ ತನ್ನ ಮೈದಾನದಲ್ಲಿ ಗೆಲುವಿನ ಬಾವುಟ ಹಾರಿಸುತ್ತದೆ. ನಮ್ಮ ಮೈದಾನದ ದೂರದ ಗೋಡೆಯಾಚೆ ಅದಕ್ಕೆಂದೇ ಒಂದು ಕಂಬವಿದೆ. ಅದರ ಮೇಲೆ ಕೊನೆಯ ಬಾವುಟ ಹಾರಿದಾಗ ರೋನಾ ಇನ್ನೂ ಲಂಗದ ಹುಡುಗಿ. ಹೊಲಿದವರು ಅಮ್ಮ. ನೀಲಿ ದಪ್ಪ ಹತ್ತಿ ಬಟ್ಟೆಯ ಮೇಲೆ ಬಿಳಿ ನೂಲಿನ ಕೊಕ್ಕರೆ, ಪೂರ್ತಿ ಕೈಹೊಲಿಗೆ. ರೋನಾ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರಂತೆ. ಆ ಬಾವುಟ ಬಿಸಿಲು ಮಳೆಗೆ ಚಿಂದಿಯಾಗಿ ಎಷ್ಟೋ ವರ್ಷವಾಯಿತು. ಉಳಿದದ್ದು ಕೊಕ್ಕರೆಯ ಕಣ್ಣಿಗೆ ಹಾಕಿದ್ದ ಕಪ್ಪು ಗುಂಡಿ ಒಂದೇ. ಅಂದಿನಿಂದ ಕಂಬ ಬೋಳು.

ಬಾವುಟಕ್ಕೆ ಒಂದು ಕಟ್ಟುಪಾಡಿದೆ. ಕೊನೆಯ ಗೆಲುವು ಕೈಗೆ ಬರುವ ತನಕ ಅದರ ಬಟ್ಟೆಗೆ ಸೂಜಿ ಮುಟ್ಟಿಸುವಂತಿಲ್ಲ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೆಲ್ಲುವ ಮೊದಲೇ ಗೆದ್ದಂತೆ ನಡೆದುಕೊಂಡರೆ ಬೇಸ್‌ಬಾಲ್ ಸುಮ್ಮನೆ ಬಿಡುವುದಿಲ್ಲ ಎಂಬುದು ನಮ್ಮ ನಂಬಿಕೆ. ನಗಬೇಡಿ. ನಾನೂ ಸೋಲು ಶುರುವಾದಾಗಿನಿಂದ ಒಂದೇ ಟೋಪಿಯನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ತಿರುಗುತ್ತಿದ್ದೇನೆ. ಮನೆಯಲ್ಲಿ ನನ್ನ ಹತ್ತಿರ ಯಾರೂ ಕೂರುತ್ತಿಲ್ಲ.

ರೋನಾ ಆಗಸ್ಟ್‌ನಲ್ಲಿ ಸೂಜಿ ಮುಟ್ಟಿಸಿಬಿಟ್ಟರು.

"ಗೊತ್ತಿದ್ದೇ ಮಾಡ್ದೆ," ಎನ್ನುತ್ತಾರೆ, ತೊಟ್ಟಿಯಲ್ಲಿ ಕೈ ಆಡಿಸುತ್ತ. "ಈ ಗಂಟುಗಳನ್ನ ನೋಡು. ಬೆಳಿಗ್ಗೆ ಎದ್ರೆ ಬೆರಳು ಮಡಚಲ್ಲ. ಅಮ್ಮ ಒಂದು ವಾರದಲ್ಲಿ ಹೊಲಿದ್ರು, ನನಗೆ ಎರಡು ತಿಂಗಳು ಬೇಕು. ಎಲ್ಲಾ ಮುಗಿದ ಮೇಲೆ ಶುರು ಮಾಡೋಣ ಅಂದ್ರೆ, ಮಿಷಿನ್‌ನಲ್ಲಿ ಮಾಡಿಸ್ತೀವಿ ಬಿಡಿ ಮಿಸ್ ರೋನಾ ಅಂತಾರೆ ಆಫೀಸಿನವರು. ಇಷ್ಟು ವರ್ಷ ಬರೀ ಹೆಸರು ಹೊಲಿದೆ, ಹೆಸರು ಬಿಚ್ಚಿದೆ. ಒಂದು ಬಾವುಟ ಹೊಲೀಬೇಕು ಅನ್ನೋ ಆಸೆ ಇರಲ್ವಾ? ನನಗೂ ಇತ್ತಪ್ಪ. ಅಷ್ಟು ಮುಂದಿದ್ವಿ. ಕೈ ಸುಮ್ಮನಿರ್ಲಿಲ್ಲ."

ಅಮ್ಮ ಕೊಕ್ಕರೆಯ ನಮೂನೆಯನ್ನು ಕಾಗದದ ಮೇಲೆ ಬರೆದವರೇ ಅಲ್ಲ. ರೋನಾ ಅದನ್ನು ನೆನಪಿನಿಂದಲೇ ಎಳೆದರು. ಮೂರು ಸಲ ತಪ್ಪಿತಂತೆ. ನಾಲ್ಕನೇ ಸಲ, ಒಂದು ಮಧ್ಯಾಹ್ನ ಡ್ರೈಯರ್ ತಿರುಗುವ ಸದ್ದಿನಲ್ಲಿ, ಕತ್ತಿನ ಬಳುಕು ಅಮ್ಮನದರಂತೆಯೇ ಬಂದುಬಿಟ್ಟಿತು. "ಅವತ್ತು ಅತ್ತುಬಿಟ್ಟೆ ನೋಡು," ಎನ್ನುತ್ತಾರೆ. ದಿನಕ್ಕಿಷ್ಟು ಹೊಲಿದು, ದಿಂಬಿನ ಚೀಲದಲ್ಲಿ ಸುತ್ತಿ, ಸಾಕ್ಸಿನ ಪಿನ್ನುಗಳ ಡ್ರಾಯರಿನ ಕೆಳಗೆ ಬಚ್ಚಿಡುತ್ತಿದ್ದರು.

ಅಲ್ಲಿಗೆ ಒಂದು ದಿನ ಟವೆಲ್ ಹುಡುಕಿಕೊಂಡು ಬಂದವಳು ಆಫೀಸಿನ ಟೆಸ್. ತಂಡದ ಫೋಟೋಗಳನ್ನು ಫೋನಿನಲ್ಲಿ ಹಾಕುವ ಕೆಲಸ ಅವಳದು. ಬೇರೆ ಊರಿನ ಹುಡುಗಿ, ನಮ್ಮ ಕಟ್ಟುಪಾಡು ಅವಳಿಗೇನು ಗೊತ್ತು? ಕೊಕ್ಕರೆ ಕಂಡು ಅವಳಿಗೆ ಖುಷಿ ಉಕ್ಕಿ ಬಂತು, ಫೋಟೋ ತೆಗೆದು "ನಮ್ಮ ರೋನಾ ತಯಾರಾಗಿದ್ದಾರೆ, ನೀವು?" ಎಂದು ಊರಿಗೆಲ್ಲ ಕಳಿಸಿದಳು. ಅದೇ ಮಧ್ಯಾಹ್ನ, ಗೆದ್ದೇಬಿಟ್ಟೆವು ಎನ್ನುವ ಆಟದಲ್ಲಿ, ಮಗುವೂ ಹಿಡಿಯಬಹುದಾದ ಚೆಂಡು ನಮ್ಮವನ ಎರಡು ಕಾಲಿನ ಮಧ್ಯೆ ಉರುಳಿ ಹೋಯಿತು. ಗ್ಯಾಲರಿಯಲ್ಲಿ ಯಾರೋ ಮೆಲ್ಲಗೆ "ಬಾವುಟ" ಅಂದರು. ಅಂದಿನಿಂದ ನಾವು ಗೆದ್ದಿಲ್ಲ.

ಅಂದವನು ಗಸ್ ಸ್ಟಾವ್ರೋಸ್ ಎಂಬುದು ನನಗೆ ಗೊತ್ತು, ಏಕೆಂದರೆ ಅವನು ನನ್ನ ಪಕ್ಕದಲ್ಲೇ ಕೂರುತ್ತಾನೆ. ರೈಲು ಸೇತುವೆ ಕೆಳಗೆ ಅವನ ಹೋಟೆಲಿದೆ. ಕೊನೆಯ ಬಾವುಟ ಏರಿದಾಗ ಅವನು ಅಪ್ಪನ ಹೆಗಲ ಮೇಲೆ ಕೂತ ಆರು ವರ್ಷದ ಹುಡುಗ. ಮರುವರ್ಷವೇ ಅಪ್ಪ ಹೋದರು, ಬೆಳೆದ ಮೇಲೆ ಹೋಟೆಲು ಇವನಿಗೆ ಬಂತು, ಮೊಣಕಾಲು ಸವೆಯಿತು, ಬಾವುಟ ಮಾತ್ರ ಬರಲಿಲ್ಲ. "ಸಾಯೋದ್ರೊಳಗೆ ಇನ್ನೊಂದ್ಸಲ ನೋಡ್ಬೇಕು ಮಾರಾಯಾ, ಅಷ್ಟೇ," ಎಂದು ಅವನು ಪ್ರತಿ ವಸಂತದಲ್ಲೂ ಹೇಳುತ್ತಾನೆ. ಅವನ ಹೋಟೆಲಿನಲ್ಲಿ ಒಂದು ಕಾನೂನಿದೆ: ಆಟದ ಕಾಲ ಮುಗಿಯುವ ಮೊದಲು "ಮುಂದಿನ ವರ್ಷ" ಎಂಬ ಮಾತು ಯಾರ ಬಾಯಿಂದ ಬಂತೋ ಅವರು ಅಲ್ಲಿರುವವರಿಗೆಲ್ಲ ಕಾಫಿ ಕೊಡಿಸಬೇಕು. ಈ ಸೋಲಿನ ದಿನಗಳಲ್ಲಿ ಜನ ಬಾಯಿ ಹೊಲಿದುಕೊಂಡು ಕೂತು ಮೊಟ್ಟೆ ತಿನ್ನುತ್ತಾರೆ.

ಬಾಯಿ ಬಿಟ್ಟರೆ ಬರುವುದು ಬೈಗುಳ. ಕೆಲವರು ಸಾಮಾನಿನ ಕಾಗದದ ಚೀಲಕ್ಕೆ ಕಣ್ಣಿನ ತೂತು ಮಾಡಿ ತಲೆಗೆ ಹಾಕಿಕೊಂಡು ಆಟಕ್ಕೆ ಬರುತ್ತಾರೆ, ಮುಖ ತೋರಿಸಲು ನಾಚಿಕೆಯಂತೆ. ನಾಚಿಕೆಯಿದ್ದರೆ ಮನೆಯಲ್ಲಿರಬೇಕು, ಅದೂ ಆಗುವುದಿಲ್ಲ. ಒಂಬತ್ತು ಸರದಿಯ ಆಟದಲ್ಲಿ ಏಳನೇ ಸರದಿಗೇ ಎದ್ದು ಹೋಗುತ್ತೇವೆ, ಗೇಟಿನ ಹೊರಗೆ ನಿಂತು ರೇಡಿಯೋ ಕೇಳುತ್ತೇವೆ. ಇನ್ನು ನೋಡೋದೇ ಇಲ್ಲ ಎಂದು ಆಣೆ ಹಾಕಿದವನು ಮರುದಿನ ಅದೇ ಸೀಟಿನಲ್ಲಿ, ಅದೇ ಸಾಸಿವೆ ಕಲೆಯ ಅಂಗಿಯಲ್ಲಿ ಕೂತಿರುತ್ತಾನೆ. ಪ್ರೀತಿಸಿದ್ದು ಕೈಗೆ ಸಿಗದಾಗ ಮನುಷ್ಯ ಎಷ್ಟು ಕೆಟ್ಟದಾಗಿ ನಡೆದುಕೊಳ್ಳಬಹುದೋ ಅಷ್ಟನ್ನೂ ನಾವು ಈ ಸೆಪ್ಟೆಂಬರಿನಲ್ಲಿ ನಡೆದುಕೊಂಡಿದ್ದೇವೆ.

ಅದರಲ್ಲಿ ಬಹುಪಾಲು ರೋನಾ ತಲೆಗೆ ಬಿತ್ತು. ಬಾಗಿಲಿಗೆ ಉಪ್ಪು ಸುರಿದು ಹೋದರು. ದಾರಿಯಲ್ಲಿ ಕಂಡ ಒಬ್ಬಾಕೆ "ನೀವು ಒಗೆದ ಬಟ್ಟೇಲಿ ಅದೃಷ್ಟಾನೂ ಹೋಯ್ತು" ಎಂದಳು. ಇನ್ನೊಬ್ಬ ಸಭ್ಯಸ್ಥ, ಆಟಗಾರರ ಒಳಅಂಗಿಗಳನ್ನು ಗೆಲ್ಲುವ ತನಕ ಒಗೆಯಲೇಬೇಡಿ ಎಂದು ಕೈ ಮುಗಿದ.

"ಆ ವಾಸನೆಗೆ ಬೇಸ್ ಕೂಡ ಓಡಿಹೋಗತ್ತೆ ಅಂದೆ," ಎಂದು ರೋನಾ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ಬೇಜಾರಾಗಲ್ಲ ಅಂತ ಹೇಳಲ್ಲ ಚಿನ್ನಾ. ಆಗತ್ತೆ. ಇವರ ಅಪ್ಪಂದಿರನ್ನೂ ನೋಡಿದೀನಿ ನಾನು. ಚರ್ಚಿನಲ್ಲಿ ಪಿರೋಹಿ ಕಡುಬು ಮಾಡೋವಾಗ ನನ್ನ ಪಕ್ಕ ನಿಂತು ಆಲೂಗಡ್ಡೆ ಹಿಸುಕೋರು, ಹೋದ ವಾರ ಮೇಜಿನ ಆ ತುದಿಗೆ ಹೋಗಿ ನಿಂತ್ರು."

ಕೊನೆಯ ವಾರದ ಗುರುವಾರ ಬೆಳಿಗ್ಗೆ ಆ ಬಾಗಿಲಿಗೆ ಗಸ್ ಬರುತ್ತಾನೆ. ಹಿಂದೆ ಏಳೆಂಟು ಜನ, ಅವರಲ್ಲಿ ನಾನೂ ಒಬ್ಬ. ಗಸ್ ಕೈಯಲ್ಲಿ ಕಾಫಿ ಇದೆ, ಸಕ್ಕರೆ ಲೇಪಿಸಿದ ಡೋನಟ್ ಇದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ.

"ಮಿಸ್ ರೋನಾ, ಒಂದು ಮಾತು ಕೇಳ್ಬೇಕಿತ್ತು."

"ಡೋನಟ್ ತಂದಿದೀಯ ಅಂದ್ರೆ ಒಳ್ಳೇ ಮಾತಲ್ಲ. ಹೇಳು."

"ಅದನ್ನ ಬಿಚ್ಚಿಬಿಡಿ."

"ಯಾವುದನ್ನ?"

"ಗೊತ್ತಲ್ಲ ನಿಮಗೆ. ಬಾವುಟ. ಇನ್ನು ನಾಲ್ಕು ಆಟ ಉಳಿದಿದೆ. ಹೊಲಿದದ್ದು ಇರೋ ತನಕ ನಾವು ಗೆಲ್ಲಲ್ಲ."

ರೋನಾ ಕಾಫಿಯನ್ನು ಮುಟ್ಟುವುದಿಲ್ಲ. "ಗಸ್, ಆ ಕೊಕ್ಕರೆ ಇನ್ನೊಂದ್ಸಲ ನನ್ನ ಕೈಲಿ ಬರಲ್ಲ ಕಣೋ," ಎನ್ನುತ್ತಾರೆ. "ನಿನಗೆ ಅರ್ಥ ಆಗ್ತಿದೆಯಾ ಏನ್ ಕೇಳ್ತಿದೀಯ ಅಂತ?"

"ಅರ್ಥ ಆಗ್ತಿದೆ," ಎನ್ನುತ್ತಾನೆ ಗಸ್. ಅವನ ಕಣ್ಣಲ್ಲಿ ನೀರು ನಿಂತಿದೆ, ಅರವತ್ತು ದಾಟಿದ ಗಂಡಸು. "ನಮ್ಮಪ್ಪನ ಹೆಗಲ ಮೇಲಿಂದ ನೋಡಿದ್ದು ಮಿಸ್ ರೋನಾ. ಅದು ಬಿಟ್ರೆ ಅವರದ್ದು ನನಗೆ ಬೇರೆ ನೆನಪೇ ಇಲ್ಲ."

ರೋನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಡ್ರಾಯರಿನ ಕಡೆ ನಡೆಯುತ್ತಾರೆ. "ಇಲ್ಲಿ ಕದ್ದು ಮುಚ್ಚಿ ಬಿಚ್ಚಲ್ಲ ನಾನು. ಆಟಕ್ಕೆ ಬರ್ತೀನಿ. ನಿಮ್ಮೆಲ್ಲರ ಕಣ್ಣೆದುರಿಗೆ ಬಿಚ್ತೀನಿ. ನನಗೊಂದು ಸೀಟ್ ಇಡಿ."

ಈ ಮೈದಾನದ ಕೆಳಗೆ ಇಷ್ಟು ವರ್ಷ ದುಡಿದ ರೋನಾ, ಗ್ಯಾಲರಿಯಲ್ಲಿ ಕೂತು ಒಂದು ಆಟವನ್ನೂ ನೋಡಿದವರಲ್ಲ. ಮೇಲಿನ ಕೂಗಿನಿಂದಲೇ ಗೆದ್ದೆವೋ ಸೋತೆವೋ ತಿಳಿದುಕೊಳ್ಳುತ್ತಿದ್ದರು. ಅಂದು ಮಧ್ಯಾಹ್ನ ಅವರು ನನಗೂ ಗಸ್‌ಗೂ ನಡುವೆ ಕೂರುತ್ತಾರೆ, ತೊಡೆಯ ಮೇಲೆ ನೀಲಿ ಬಟ್ಟೆ ಹರಡಿಕೊಳ್ಳುತ್ತಾರೆ. ಸುತ್ತಲಿನವರು ಚೀಲಗಳನ್ನು ತಲೆಯಿಂದ ತೆಗೆದು ನೋಡುತ್ತಾರೆ. ಸರೋವರದ ಗಾಳಿಗೆ ಬಟ್ಟೆಯ ತುದಿ ಏಳುತ್ತದೆ. ಕೊಕ್ಕರೆ ಬಹಳ ಚೆನ್ನಾಗಿದೆ.

ರೋನಾ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಕೊಕ್ಕರೆಯ ಕಾಲಿನ ನೂಲಿನ ಕೆಳಗೆ ತೂರಿಸುತ್ತಾರೆ. ಚಟ್. ಮೊದಲ ದಾರ.

ಎರಡನೇ ಸರದಿಯಲ್ಲಿ ಕಾಲು ಪೂರ್ತಿ ಹೋಗುತ್ತದೆ, ಅದೇ ಹೊತ್ತಿಗೆ ನಮ್ಮವನೊಬ್ಬ ಚೆಂಡನ್ನು ಎತ್ತಿ ಬಾರಿಸಿ ಎರಡು ರನ್ ತರುತ್ತಾನೆ. "ಬಿಚ್ಚಿ ಮಿಸ್ ರೋನಾ, ಬಿಚ್ಚಿ!" ಎಂದು ಹಿಂದಿನ ಸಾಲು ಕಿರುಚುತ್ತದೆ. ನಾಲ್ಕರಲ್ಲಿ ಅವರು ಬೆರಳು ನೀವಿಕೊಳ್ಳಲು ನಿಲ್ಲಿಸುತ್ತಾರೆ, ಎದುರಾಳಿಗಳು ಒಂದು ರನ್ ಹೊಡೆಯುತ್ತಾರೆ. "ಅಯ್ಯೋ, ಯಾಕ್ ನಿಲ್ಲಿಸಿದ್ರಿ?" ಮತ್ತೆ ಶುರು. ಈಗ ನಮ್ಮವನು ಔಟ್. "ತಡೀರಿ, ತಡೀರಿ, ಮೆಲ್ಲಗೆ ಬಿಚ್ಚಿ!" ಅರ್ಧ ಗ್ಯಾಲರಿ ಬಿಚ್ಚಿ ಎನ್ನುತ್ತದೆ, ಇನ್ನರ್ಧ ನಿಲ್ಲಿಸಿ ಎನ್ನುತ್ತದೆ. ಮೈದಾನದಲ್ಲಿ ಆಡುತ್ತಿರುವವರು ಕತ್ತು ತಿರುಗಿಸಿ ನಮ್ಮನ್ನು ನೋಡುತ್ತಿದ್ದಾರೆ.

"ಬಾಯಿ ಮುಚ್ಕೊಂಡು ಆಟ ನೋಡ್ರೋ!" ಎಂದು ರೋನಾ ಗದರುತ್ತಾರೆ. "ಬಿಚ್ಚೋದು ಹೇಗೆ ಅಂತ ನನಗೆ ಹೇಳಿಕೊಡ್ತಾರಂತೆ."

ಎಂಟನೇ ಸರದಿಯ ಹೊತ್ತಿಗೆ ರೆಕ್ಕೆ ಹೋಗಿದೆ, ಕತ್ತಿನ ಬಳುಕು ಹೋಗಿದೆ. ಉಳಿದದ್ದು ಕಣ್ಣು. ರೋನಾ ಅಮ್ಮನ ಬಾವುಟದ ಆ ಕಪ್ಪು ಗುಂಡಿಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಕೊನೆಗೆ ಅವರೇ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಗುಂಡಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಗೆದ್ದೆವು. ಅಬ್ಬಾ, ಆ ಕೂಗು! ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡೆವು, ಬೆಂಚಿನ ಮೇಲೆ ಹತ್ತಿ ಕುಣಿದೆವು. ಆ ಗಲಾಟೆಯಲ್ಲಿ ನೀಲಿ ಬಟ್ಟೆ ಯಾರ ಕಾಲ ಕೆಳಗೋ ಬಿತ್ತು. ನಾನು ತಿರುಗಿ ನೋಡಿದಾಗ ರೋನಾ ಬಗ್ಗಿ ಅದನ್ನು ಬೆಂಚಿನ ಅಡಿಯಿಂದ ಎಳೆದುಕೊಳ್ಳುತ್ತಿದ್ದರು. ಒಂದು ಶೂ ಗುರುತು, ಒಂದು ಹನಿ ಸಾಸಿವೆ. ಮಡಿಸಿ ಕಂಕುಳಲ್ಲಿಟ್ಟುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದು ಹೋದರು. ಯಾರೂ ಧನ್ಯವಾದ ಹೇಳಲಿಲ್ಲ. ನಾನೂ ಕುಣಿಯುತ್ತಿದ್ದೆ.

ಶುಕ್ರವಾರ ಗೆದ್ದೆವು, ಶನಿವಾರ ಸೋತೆವು. ಭಾನುವಾರದ ಕೊನೆಯ ಆಟ ಪೋರ್ಟ್ ಲೆನಾರ್ಡ್ ಮೇಲೆಯೇ, ಗೆದ್ದವರಿಗೆ ಬಾವುಟ. ಊರಲ್ಲಿ ಬಾಗಿಲು ತೆರೆದ ಅಂಗಡಿಯೇ ಇರಲಿಲ್ಲ. ಕೊನೆಯ ಸರದಿ, ಒಂದೇ ರನ್ ಹಿಂದೆ, ಇಬ್ಬರು ಔಟ್, ಮೂರನೇ ಬೇಸಿನ ಮೇಲೆ ಪೀಯೋ. ಪಿಚರ್ ಎಸೆದ ಚೆಂಡು ಅದನ್ನು ಹಿಡಿಯಬೇಕಿದ್ದವನ ಕೈ ತಪ್ಪಿ ಹಿಂದಕ್ಕೆ ಉರುಳಿತು, ಪೀಯೋ ಓಡಿದ. ಆ ಹುಡುಗ ಗಾಳಿಯಲ್ಲಿ ಎದೆಯೊಡ್ಡಿ ಹಾರಿದ್ದನ್ನು, ಕೆಂಪು ಧೂಳು ಎದ್ದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಧೂಳು ಇಳಿದಾಗ ಅವನ ಬೆರಳು, ರನ್ ಸಿಗಲು ಮುಟ್ಟಬೇಕಿದ್ದ ಬಿಳಿಯ ಹಲಗೆಗಿಂತ ಒಂದು ಗೇಣು ಈಚೆಗಿತ್ತು, ಚೆಂಡು ಹಿಡಿದ ಕೈಗವಸು ಅವನ ಮೊಣಕೈ ಮೇಲಿತ್ತು. ಔಟ್.

ಯಾರೂ ಬೈಯಲಿಲ್ಲ. ಎಲ್ಲರೂ ಅಲ್ಲೇ ಕೂತಿದ್ದೆವು, ಬೋಳು ಕಂಬ ನೋಡುತ್ತ. ಮೈದಾನದವರು ನೀರು ಬಿಡಲು ಬಂದ ಮೇಲೆ ಎದ್ದೆವು.

ಸೋಮವಾರ ಬೆಳಗಿನ ಜಾವ ರೋನಾ ಅದೇ ಬಾಗಿಲ ಹೊರಗೆ ಪೀಯೋನ ಪ್ಯಾಂಟ್ ಬಡಿಯುತ್ತಿದ್ದಾರೆ. ಮಣ್ಣು ಹೊಗೆಯಂತೆ ಏಳುತ್ತಿದೆ. "ನೋಡಿದ್ಯಾ, ಇದು ಪ್ಯಾಂಟ್ ಅಂದ್ರೆ," ಎಂದು ನನಗೆ ತೋರಿಸುತ್ತಾರೆ. ಇಬ್ಬರೂ ಕೆಮ್ಮುತ್ತ ನಿಲ್ಲುತ್ತೇವೆ.

ಗಸ್ ಬರುತ್ತಾನೆ. ಈ ಸಲ ಡೋನಟ್ ಇಲ್ಲ, ಮುಚ್ಚಿದ ಪಾತ್ರೆಯಲ್ಲಿ ನಿಂಬೆ ಹಿಂಡಿದ ಕೋಳಿ ಸೂಪು. ಪಾತ್ರೆಯನ್ನು ಮೇಜಿನ ಮೇಲಿಟ್ಟು, ತನ್ನ ಶೂಗಳನ್ನೇ ನೋಡುತ್ತ ನಿಲ್ಲುತ್ತಾನೆ.

"ಬಾವುಟದ ತಪ್ಪಲ್ಲ ಹಾಗಾದ್ರೆ," ಎನ್ನುತ್ತಾನೆ.

"ಈಗ ಗೊತ್ತಾಯ್ತಾ?"

"ನಮ್ಮ ಹುಡುಗರು ಬಿಚ್ಚಿದ್ದು ತಡ ಆಯ್ತು ಅಂತಾರೆ."

"ಅವರ ತಲೆ!"

"ತಪ್ಪಾಯ್ತು ಮಿಸ್ ರೋನಾ. ಅದನ್ನ ನನ್ನ ಕೈಲಿ ಕೊಡಿ. ಆ ಶೂ ಗುರುತು ನಂದೇ. ಮನೆಗೆ ತಗೊಂಡೋಗಿ ಒಗೆದು, ಇಸ್ತ್ರಿ ಮಾಡಿ ತಂದ್ಕೊಡ್ತೀನಿ."

ಮೇಜಿನ ಮೇಲೆ ಮಡಿಸಿಟ್ಟಿದ್ದ ನೀಲಿ ಬಟ್ಟೆಗೆ ಅವನು ಕೈ ಚಾಚುತ್ತಾನೆ.

"ಮುಟ್ಟಬೇಡ!"

ರೋನಾ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಲ್ಲ. ಗಸ್ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. ಅವರು ಬಟ್ಟೆಯನ್ನು ಎರಡು ತುದಿ ಹಿಡಿದು ಬಿಡಿಸಿ, ಸರೋವರದ ಕಡೆಯ ಕಿಟಕಿಗೆ ಅಡ್ಡ ಹಿಡಿಯುತ್ತಾರೆ. ಸೂರ್ಯ ಆಗತಾನೇ ನೀರಿನಿಂದ ಮೇಲೆ ಬಂದಿದ್ದಾನೆ. ಒಂದೊಂದು ಹೊಲಿಗೆ ಇದ್ದ ಕಡೆಯೂ ಸೂಜಿಯ ತೂತು ಹಾಗೇ ಉಳಿದಿದೆ, ಒಂದೊಂದು ತೂತಿನಲ್ಲೂ ಬೆಳಕು. ಕಾಲು, ರೆಕ್ಕೆ, ಅಮ್ಮನ ಕೈಯ ಆ ಕತ್ತಿನ ಬಳುಕು, ಎಲ್ಲಾ ಅಲ್ಲೇ ಇದೆ. ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿದೆ.

ಗಸ್ ಟೋಪಿ ತೆಗೆಯುತ್ತಾನೆ.

"ಒಗೆದ್ರೆ ನೂಲು ಕೂಡ್ಕೊಂಡು ತೂತು ಮುಚ್ಚಿಹೋಗತ್ತೆ," ಎನ್ನುತ್ತಾರೆ ರೋನಾ, ಬಟ್ಟೆ ಇಳಿಸದೆಯೇ. "ಇಸ್ತ್ರಿ ಇಟ್ರೂ ಅಷ್ಟೇ. ಹೀಗೇ ಇದ್ರೆ ದಾರಿ ಇರತ್ತೆ. ನಾನಿಲ್ದಿದ್ರೂ ಯಾರಾದ್ರೂ ಅದೇ ದಾರೀಲಿ ಸೂಜಿ ಓಡಿಸಬಹುದು."

"ನಂಗೆ ಕಲಿಸ್ತೀರಾ?"

"ನಿನ್ನ ಈ ಬಾಳೆಹಣ್ಣಿನಂಥ ಬೆರಳಿಗೆ?" ಆದರೂ ಅವರು ಒಂದು ಹಳೆಯ ಟವೆಲ್ಲನ್ನೂ ಸೂಜಿಯನ್ನೂ ಅವನ ಮುಂದೆ ತಳ್ಳುತ್ತಾರೆ. ಗಸ್ ಕಣ್ಣು ಕಿರಿದು ಮಾಡಿ ದಾರ ಪೋಣಿಸಲು ನೋಡುತ್ತಾನೆ, ಚುಚ್ಚಿಕೊಳ್ಳುತ್ತಾನೆ, ಗ್ರೀಕ್ ಭಾಷೆಯಲ್ಲಿ ಏನೋ ಬೈಯುತ್ತಾನೆ. ಕೊನೆಗೆ ರೋನಾ ಕಿತ್ತುಕೊಂಡು ತಾವೇ ಪೋಣಿಸಿ ಕೊಡುತ್ತಾರೆ.

"ಬರ್ತೀನಿ ನಾನು ದಿನಾ ಬೆಳಿಗ್ಗೆ," ಎನ್ನುತ್ತಾನೆ ಅವನು, ಬೆರಳು ಚೀಪುತ್ತ. "ಮುಂದಿನ ವರ್ಷ..." ಎಂದು ಶುರು ಮಾಡಿ ಗಕ್ಕನೆ ನಿಲ್ಲಿಸುತ್ತಾನೆ. ನನ್ನ ಕಡೆ ನೋಡುತ್ತಾನೆ.

"ಆಟದ ಕಾಲ ಮುಗೀತು ಗಸ್," ಎನ್ನುತ್ತೇನೆ. "ಈಗ ಹೇಳಬಹುದು."

"ಇರ್ಲಿ. ಕಾಫಿ ನಂದೇ."

ನಿಮಗೇನು ಆಸೆ ಎಂದು ರೋನಾರನ್ನು ಕೇಳುತ್ತೇನೆ. ಇಂಥ ಲೇಖನಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಬಟ್ಟೆಯನ್ನು ಹೊಲಿಗೆಯ ಗುರುತು ಮಡಿಕೆಗೆ ಸಿಗದಂತೆ ಸುರುಳಿ ಸುತ್ತುತ್ತಾರೆ, ದಿಂಬಿನ ಚೀಲಕ್ಕೆ ಸೇರಿಸುತ್ತಾರೆ. ಏಪ್ರನ್ನಿನ ಜೇಬಿನಿಂದ ಕಪ್ಪು ಗುಂಡಿ ತೆಗೆದು ಅದರೊಳಗೆ ಹಾಕುತ್ತಾರೆ.

"ಗೆದ್ದಾಗ ಮೊದಲನೇ ಹೊಲಿಗೆ ನಾನು ಹಾಕ್ಬೇಕು. ಮಿಕ್ಕಿದ್ದನ್ನ ಈ ಪೆದ್ದ ಹಾಕ್ಲಿ. ಅಷ್ಟೇ ಚಿನ್ನಾ."

ಆಮೇಲೆ ಪೀಯೋನ ಪ್ಯಾಂಟನ್ನು ತೊಟ್ಟಿಗೆ ಇಳಿಸಿ, ಕಲೆಯ ಪುಡಿ ಉದುರಿಸಿ, ತೋಳು ಮಡಚುತ್ತಾರೆ. ನಾನು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಅವರ ದನಿ ಕೇಳುತ್ತದೆ.

"ಪೇಪರಲ್ಲಿ ಬರಿ ಬೇಕಾದ್ರೆ. ಈ ಊರಿನ ಕೊಳೆ ಎಲ್ಲಾ ಒಗೆದಿದೀನಿ, ನಿಮ್ಮ ಸಾಸಿವೆ, ನಿಮ್ಮ ರಕ್ತ, ಎಲ್ಲಾ. ಇದೊಂದನ್ನ ಒಗೆಯಲ್ಲ."